ಕಮಲಾಪುರಕ್ಕೆ ಹೋದ ಒಂಬತ್ತು ಕಿಟಕಿಗಳು

ಬ್ರಹ್ಮಪುರದ ನಮ್ಮ ಮನೆಯಲ್ಲಿ ಕಿಟಕಿಗಳಿಗೆ ಎಣ್ಣೆ ಹಚ್ಚುವ ದಿನ ಯಾರಿಗೂ ಬಿಸಿ ಊಟ ಸಿಗುತ್ತಿರಲಿಲ್ಲ. ಹೋಳಿ ಹುಣ್ಣಿಮೆ ಕಳೆದು ಬಿಸಿಲು ಬಲಿಯುವ ಮೊದಲು ಅಂಥ ಒಂದು ದಿನವನ್ನು ಗುರುಬಾಯಿ ಅತ್ತೆ ತಾನೇ ಗೊತ್ತು ಮಾಡುತ್ತಿದ್ದಳು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಸೆರಗು ಸಿಕ್ಕಿಸಿಕೊಂಡು, ಗಾಣದಿಂದ ತರಿಸಿದ ಅಗಸೆ ಎಣ್ಣೆಯನ್ನು ಹಿತ್ತಾಳೆ ಬಟ್ಟಲಿಗೆ ಬಗ್ಗಿಸಿಕೊಂಡು, ಅಪ್ಪನ ಹಳೆಯ ಧೋತರದ ತುಂಡೊಂದನ್ನು ಅದರಲ್ಲಿ ಅದ್ದಿ ಅಡುಗೆಮನೆಯ ಕಿಟಕಿಯಿಂದ ಶುರು ಮಾಡುವಳು. ಒಟ್ಟು ಒಂಬತ್ತು ಕಿಟಕಿಗಳು. ಸಾಗವಾನಿ ಚೌಕಟ್ಟು, ಎರಡು ಬಾಗಿಲು, ನಡುವೆ ಬೆರಳು ದಪ್ಪದ ಕಬ್ಬಿಣದ ಸರಳು. ಗೋಡೆಗಳು ಎಷ್ಟು ದಪ್ಪವಿದ್ದವೆಂದರೆ ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಿಚಿ ಕೂತು ಪೂರ್ತಿ ಮಗ್ಗಿ ಬರೆಯಬಹುದಾಗಿತ್ತು. ಸರಳುಗಳ ಧೂಳು ಒರೆಸುವುದು ನನ್ನ ಕೆಲಸ. ಮಧ್ಯಾಹ್ನ ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾದ ಚಟ್ನಿ ಹಿಂಡಿ, ಗಡಿಗೆಯ ಮೊಸರು. ಎಣ್ಣೆಯ ವಾಸನೆ ಮೂರು ದಿನ ಮನೆಯಲ್ಲಿ ನಿಲ್ಲುತ್ತಿತ್ತು. ಅವ್ವನಿಗೆ ಆ ವಾಸನೆಗೆ ತಲೆನೋವು ಬರುತ್ತಿತ್ತು. ನನಗೆ ಅದು ಅತ್ತೆಯದೇ ಮೈವಾಸನೆ ಎನಿಸುತ್ತಿತ್ತು.

ಅತ್ತೆ ಎಂದರೆ ಅಪ್ಪನ ಅಕ್ಕ. ಅಪ್ಪನಿಗೆ ಮೂರು ವರ್ಷವಿರುವಾಗ ಅಜ್ಜಿ ತೀರಿಕೊಂಡಳಂತೆ. ಆಗ ಹದಿಮೂರರ ಅತ್ತೆಯೇ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ರೊಟ್ಟಿ ಬಡಿಯುವುದನ್ನು ಕಲಿತಳು. ಅವಳನ್ನು ಬೀದರ್ ಕಡೆಗೆ ಕೊಟ್ಟರು. ಎರಡೇ ವರ್ಷಕ್ಕೆ ಗಂಡ ಸತ್ತು, ಒಂದು ತಗಡಿನ ಪೆಟ್ಟಿಗೆಯೊಂದಿಗೆ ತಿರುಗಿ ಬಂದಳು. ಅಪ್ಪನನ್ನು ಓದಿಸಿದ್ದು, ಸರ್ವೇ ಕಚೇರಿಯಲ್ಲಿ ನಕ್ಷೆ ಬರೆಯುವ ನೌಕರಿ ಸಿಕ್ಕಾಗ ಓಣಿಗೆಲ್ಲ ಸಕ್ಕರೆ ಹಂಚಿದ್ದು, ಅವ್ವನನ್ನು ನೋಡಿ ಒಪ್ಪಿ ಸೊಸೆಯಾಗಿ ತಂದದ್ದು ಎಲ್ಲಾ ಅವಳೇ. ಮುತ್ಯಾ, ಅಂದರೆ ಅವರಿಬ್ಬರ ಅಪ್ಪ, ಮನೆ ಕಟ್ಟಿಸುವಾಗ ಒಂದೊಂದು ಕಿಟಕಿಯ ಕಟ್ಟಿಗೆಯನ್ನೂ ತಾನೇ ಬೆರಳಿನಿಂದ ಬಡಿದು ನೋಡಿ ಆರಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಪಡಸಾಲೆಯ ಓಣಿ ಕಡೆಯ ಕಿಟಕಿ ಅವಳದು. ಅಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುವಳು, ಬಳೆಗಾರ್ತಿಯ ಸುದ್ದಿ ಕೇಳುವಳು, ಪುಂಡಿಪಲ್ಯ ಮಾರುವವಳನ್ನು ನಿಲ್ಲಿಸಿ ಜಗಳವಾಡುವಳು. ಮದುವೆ ಮುಂಜಿಗಳಿಗೆ ಅವಳು ಹೋಗುತ್ತಿರಲಿಲ್ಲ. ಅವಳನ್ನು ಕರೆಯುತ್ತಲೂ ಇರಲಿಲ್ಲ. ನಾನು ರಾತ್ರಿ ಅವಳ ಮಗ್ಗುಲಲ್ಲೇ, ಅವಳೇ ಹೊಲಿದ ಕೌದಿಯಲ್ಲಿ ಮಲಗುತ್ತಿದ್ದೆ. ಅವ್ವ ಹೆತ್ತವಳು, ಅತ್ತೆ ಬೆಳೆಸಿದವಳು. ಈ ಎರಡರ ನಡುವೆ ಏನಾದರೂ ಅಂತರವಿದೆಯೆಂದು ಹತ್ತು ವರ್ಷದವರೆಗೆ ನನಗೆ ಅನಿಸಿರಲೇ ಇಲ್ಲ.

ಅಂತರ ಇದ್ದದ್ದು ಅವ್ವನಿಗೆ ಗೊತ್ತಿತ್ತು. ಇಂದು ನಾನು ಅವಳ ಪರವಾಗಿಯೂ ಬರೆಯಬೇಕು. ಹನ್ನೆರಡು ವರ್ಷ ಅವಳು ಇನ್ನೊಬ್ಬಳ ಅಡುಗೆಮನೆಯಲ್ಲಿ ಕೈಯಾಳಿನಂತೆ ನಿಂತಿದ್ದಳು. ಹಿಟ್ಟು ನಾದುವವಳು ಅವ್ವ, ಹಂಚಿನ ಮುಂದೆ ಕೂರುವವಳು ಅತ್ತೆ. ಒಮ್ಮೆ ಪಲ್ಯಕ್ಕೆ ಇಬ್ಬರೂ ಉಪ್ಪು ಹಾಕಿಬಿಟ್ಟರು. ಅಪ್ಪ ತುತ್ತು ಬಾಯಿಗಿಟ್ಟವನು ನೀರು ಕುಡಿದ. ಅವ್ವ ತಾಟನ್ನು ನೆಲಕ್ಕೆ ಕುಕ್ಕಿದಳು.

“ಹನ್ನೆರಡು ವರ್ಷ ಆತು ಈ ಮನಿಗಿ ಬಂದು. ಉಪ್ಪಿನ ಡಬ್ಬಿ ಎಲ್ಲಿಡಬೇಕು ಅಂತ ಹೇಳೋ ಹಕ್ಕೂ ನನಗಿಲ್ಲ.”

“ಇಡು ತಂಗಿ, ಎಲ್ಲಿ ಬೇಕೋ ಅಲ್ಲಿ ಇಡು. ನಾ ಏನು ಕೈ ಹಿಡದೀನೇನು?” ಎಂದಳು ಅತ್ತೆ.

ಅವ್ವ ಡಬ್ಬಿಯನ್ನು ಒಲೆಯ ಎಡಕ್ಕಿಟ್ಟಳು. ಸಂಜೆಯೊಳಗೆ ಅದು ಬಲಕ್ಕೆ ಬಂದಿತ್ತು. ಅತ್ತೆಯ ಕೈ ತನಗೇ ಗೊತ್ತಿಲ್ಲದೆ ಅದನ್ನು ಅಲ್ಲಿಗೆ ತಂದಿಟ್ಟಿತ್ತು. ಅವ್ವ ಆ ದಿನ ಉಣ್ಣಲಿಲ್ಲ. ಅಪ್ಪ ಎಂದೂ ದನಿ ಏರಿಸಿದವನಲ್ಲ. ಜಗಳ ನಡೆಯುವಾಗ ಪಡಸಾಲೆಯಲ್ಲಿ ಕಚೇರಿಯ ಹಾಳೆ ಹರವಿಕೊಂಡು, ಪೆನ್ಸಿಲ್ಲನ್ನು ಬ್ಲೇಡಿನಿಂದ ಚೂಪು ಮಾಡುತ್ತ ಕೂರುತ್ತಿದ್ದ. ಅವನ ಆ ಸಮಾಧಾನವನ್ನು ನಾನು ಒಳ್ಳೆಯತನವೆಂದೇ ತಿಳಿದಿದ್ದೆ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಹಿತ್ತಲಿನ ಕಿಟಕಿಯ ಚೌಕಟ್ಟಿಗೆ ಗೆದ್ದಲು ಹಿಡಿಯಿತು. ನೋಡಲು ಮೆಹಬೂಬ್ ಮಿಸ್ತ್ರಿ ಬಂದ. ಮುತ್ಯಾನ ಕಾಲದಲ್ಲಿ ಈ ಕಿಟಕಿಗಳನ್ನು ಮಾಡಿದ್ದು ಅವನ ಅಪ್ಪನೇ. ಮಿಸ್ತ್ರಿ ಉಳಿಯ ಹಿಡಿಯಿಂದ ಒಂಬತ್ತನ್ನೂ ಬಡಿದು, ಕಿವಿಗೊಟ್ಟು ಕೇಳಿ ಅಪ್ಪನಿಗೆ ಹೇಳಿದ್ದು ನನಗೆ ಈಗಲೂ ಕೇಳುತ್ತದೆ.

“ಸಾಬ್, ಒಂದೇ ಕಿಡಕಿ ಖರಾಬ್ ಆಗೇದ. ಬಾಕಿ ಎಂಟೂ ಪಕ್ಕಾ ಅವ. ನಮ್ಮ ಅಬ್ಬಾನ ಕೈಕೆಲಸ ಅದು, ನಿಮ್ಮ ಮೊಮ್ಮಕ್ಕಳ ತನಕ ಫಿಕರ್ ಇಲ್ಲ.”

ಅಪ್ಪ ತಲೆ ಆಡಿಸಿದ. ಆದರೆ ವಾರದೊಳಗೆ ಒಂಬತ್ತನ್ನೂ ತೆಗೆಸಿ ಕಬ್ಬಿಣದ ಚೌಕಟ್ಟಿನ ಗಾಜಿನ ಕಿಟಕಿ ಹಾಕಿಸುತ್ತೇನೆಂದ. ಬೆಳಕು ಬರುತ್ತದೆ, ಕಚೇರಿಯವರೆಲ್ಲ ಹಾಕಿಸಿದ್ದಾರೆ, ಹುಡುಗಿಗೆ ಓದಲು ಅನುಕೂಲ ಎಂದ. ಎಂಟು ಗಟ್ಟಿಯಿದ್ದರೂ ಒಂಬತ್ತನ್ನು ಯಾಕೆ ತೆಗೆಸಬೇಕು ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ಅತ್ತೆ ಕೇಳಿದಳು. ಅಪ್ಪ ನಕ್ಕುಬಿಟ್ಟ. ಆಮೇಲೆ ಮನೆಯಲ್ಲಿ ಜಗಳ ತಿರುಗಿದ್ದು ಹೊಸ ಕಿಟಕಿಯ ಮೇಲಲ್ಲ, ತೆಗೆದ ಹಳೆಯವನ್ನು ಏನು ಮಾಡಬೇಕು ಎಂಬುದರ ಮೇಲೆ. ಬಚ್ಚಲ ಒಲೆಗೆ ಎರಡು ವರ್ಷಕ್ಕೆ ಸಾಕಾಗುವಷ್ಟು ಉರುವಲು ಎಂದು ಅವ್ವ ಲೆಕ್ಕ ಹಾಕಿದಳು. ನಂದೂರಿನಲ್ಲಿ ಬೇಳೆ ಮಿಲ್ಲಿನವನೊಬ್ಬ ಶೆಡ್ಡು ಕಟ್ಟಿಸುತ್ತಿದ್ದಾನೆ, ಅವನಿಗೆ ಬೇಕಂತೆ ಎಂದು ಮಿಸ್ತ್ರಿ ಹೇಳಿದ. ಅತ್ತೆ ತನ್ನ ಕಿಟಕಿಯ ಸರಳು ಹಿಡಿದು ನಿಂತುಬಿಟ್ಟಳು.

“ನಮ್ಮಪ್ಪನ ಕಿಡಕಿ ಒಲ್ಯಾಗ ಇಡೋರಿದ್ರ ಮೊದಲ ನನ್ನ ಇಡ್ರಿ. ಮಾರೋರಿದ್ರೂ ಅಷ್ಟೇ, ಜೋಡಿ ನನ್ನನೂ ಮಾರ್ರಿ.”

ಆ ಮಾತಿನಲ್ಲೇ ಅಪ್ಪನಿಗೆ ದಾರಿ ಕಂಡಿರಬೇಕು. ಮರುವಾರ ಅವನು ನನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡಲು ಹೊರಟವನು ಕೆರೆಯ ದಂಡೆಯಲ್ಲಿ ನಿಲ್ಲಿಸಿದ. ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಸೀಟಿನ ಮೇಲೆ ಬಿಡಿಸಿದ. ಒಂದು ಮನೆಯ ನಕ್ಷೆ. ಅಷ್ಟು ಚೆಂದದ ನಕ್ಷೆಯನ್ನು ಅವನು ಕಚೇರಿಗೂ ಬರೆದಿರಲಿಕ್ಕಿಲ್ಲ. ಎರಡು ಕೋಣೆ, ಒಂದು ಪಡಸಾಲೆ, ಒಂಬತ್ತು ಕಿಟಕಿ. ಒಂದೊಂದು ಕಿಟಕಿಗೂ ಹೆಸರು ಬರೆದಿದ್ದ. ಓಣಿಯ ಕಡೆಯದರ ಮೇಲೆ ‘ಅಕ್ಕ’ ಎಂದಿತ್ತು. ಬಾಳೆತೋಟದ ಕಡೆಯದರ ಮೇಲೆ ‘ಮಾದು’ ಎಂದಿತ್ತು. ಮಾದು ಎಂದರೆ ನಾನು, ಮಹಾದೇವಿ.

“ಕಮಲಾಪುರದಾಗ ನಿಮ್ಮ ಮುತ್ಯಾನ ಬಿದ್ದ ಮನಿ ಜಾಗಾ ಅದಲ್ಲ, ಅಲ್ಲಿ ಕಟ್ಟಸ್ತೀನಿ. ಈ ಕಿಡಕಿ ಎಲ್ಲಾ ಅಲ್ಲೇ ಕೂಡಸೋದು. ಅತ್ತಿ ಮೊದಲ ಹೋಗಿ ಕೆಲಸ ಮಾಡಸ್ಲಿ. ನೀನೂ ಜೋಡಿ ಹೋಗು, ಅಲ್ಲಿ ಸಾಲಿ ಛಲೋ ಅದ. ರಜಾದಾಗ ನಾವೂ ಬರ್ತೀವಿ.”

“ಅತ್ತಿಗಿ ನೀನೇ ಹೇಳಪ್ಪಾ,” ಎಂದೆ.

“ನಾ ಹೇಳಿದ್ರ ಮನಿ ಬಿಟ್ಟು ಕಳಸ್ತಾನ ಅಂತ ತಿಳಕೋತಾಳ. ನೀ ಹೇಳು. ನಿನ್ನ ಮಾತು ಕೇಳ್ತಾಳ.”

ಅಪ್ಪ ನನಗೆ ಮೊದಲ ಸಲ ಒಂದು ದೊಡ್ಡ ಕೆಲಸ ವಹಿಸಿದ್ದ. ಆ ದಿನ ಶಾಲೆಯಲ್ಲಿ ಏನು ಕಲಿಸಿದರೋ ನೆನಪಿಲ್ಲ. ಸಂಜೆ ಓಡುತ್ತ ಬಂದು, ಬೇಳೆ ಆರಿಸುತ್ತಿದ್ದ ಅತ್ತೆಯ ಮೊರವನ್ನು ಕಸಿದು ಪಕ್ಕಕ್ಕಿಟ್ಟು, ನಕ್ಷೆಯನ್ನು ಅವಳ ತೊಡೆಯ ಮೇಲೆ ಹರವಿದೆ. ಅತ್ತೆಗೆ ಓದಲು ಬರುತ್ತಿರಲಿಲ್ಲ. ಬೆರಳಿಟ್ಟು ಒಂದೊಂದೇ ತೋರಿಸಿದೆ. ಇದು ನಿನ್ನ ಕಿಡಕಿ, ಇದು ನನ್ನದು, ಇದು ಅಡಗಿ ಮನಿ, ಇಲ್ಲಿ ಉಪ್ಪಿನ ಡಬ್ಬಿ ಎಲ್ಲಿ ಬೇಕಾದರೂ ಇಡು ಎಂದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಒಲೆಯ ಜಾಗ ಮೂಡಣಕ್ಕಿರಬೇಕಿತ್ತು, ನಿಮ್ಮಪ್ಪನಿಗೆ ಇಷ್ಟೂ ತಿಳಿಯುವುದಿಲ್ಲ ಎಂದು ಬೈದಳು. ಆ ಬೈಗುಳದಲ್ಲೇ ಅವಳು ಒಪ್ಪಿದ್ದು ನನಗೆ ತಿಳಿಯಿತು. ಮರುದಿನದಿಂದ ಅವಳ ಮಾತೆಲ್ಲ ಕಮಲಾಪುರದ್ದೇ. ಅಲ್ಲಿನ ಕೆಂಪು ಬಾಳೆಹಣ್ಣಿನ ರುಚಿ ಬೇರೆ ಎಲ್ಲೂ ಇಲ್ಲ ಎನ್ನುವಳು. ಎರಡು ಎಮ್ಮೆ ಕಟ್ಟೋಣ, ನಿನ್ನ ಜಡೆ ಮೊಣಕಾಲಿಗೆ ಬರುವ ಹಾಗೆ ಬೆಣ್ಣೆ ತಿನ್ನಿಸುತ್ತೇನೆ ಎನ್ನುವಳು. ಅವ್ವನ ಜೊತೆ ಆ ಹದಿನೈದು ದಿನ ಒಂದು ಜಗಳವೂ ಆಗಲಿಲ್ಲ. ಇಬ್ಬರೂ ಕೂತು ಶಾವಿಗೆ ಹೊಸೆದರು.

ಮುಂದಿನದನ್ನು ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಕಿಟಕಿಗಳನ್ನು ಸಾಗಿಸುವ ಹಿಂದಿನ ಭಾನುವಾರ ಮಧ್ಯಾಹ್ನ, ಅವ್ವ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ಮಡಿಚುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕೂತಿದ್ದ. ಹಪ್ಪಳದ ತಾಟು ತರಲು ಮೇಲೆ ಹೊರಟವಳು ಮೆಟ್ಟಿಲ ಮೇಲೇ ನಿಂತೆ.

“ಅಲ್ಲಿ ಹೋದಮ್ಯಾಲ ಒಂದು ತಿಂಗಳಿಗೆ ಹೊಳ್ಳಿ ಬಂದ್ರ ಏನ್ರೀ ಮಾಡೋದು?” ಎಂದು ಅವ್ವ ಕೇಳಿದಳು.

“ಬರಂಗಿಲ್ಲ. ಕಿಡಕಿ ಬಿಟ್ಟು ಎಲ್ಲಿಗಿ ಬರ್ತಾಳ? ಸದ್ಯ ಅಲ್ಲಿ ನಮ್ಮ ದಾಯಾದಿಗಳು ತಮ್ಮ ಮನ್ಯಾಗ ಒಂದು ಖೋಲಿ ಕೊಡ್ಲಾಕ ಒಪ್ಯಾರ.”

“ಮತ್ತ ಮನಿ ಕಟ್ಟಸೋದು?”

“ನೋಡೋಣು. ಮೊದಲ ಹೋಗ್ಲಿ. ಹುಡುಗಿ ಕೈಲಿಂದ ಹೇಳಿಸೀನಿ, ಅದಕ್ಕ ಒಪ್ಪ್ಯಾಳ. ಇಲ್ಲಂದ್ರ ನನ್ನ ಮಾರಿ ಓದಿಬಿಡ್ತಿದ್ಳು.”

“ಮಾದೂನೂ ಹೋಗ್ತೀನಿ ಅಂತ ಕುಣೀಲಾಕತ್ತಾಳ.”

“ಅಕೀನ್ನ ಯಾರು ಕಳಸ್ತಾರ? ಪಡಸಾಲ್ಯಾಗ ಅಕ್ಕನ ಜಾಗಾದಾಗ ಮಂಚ, ಮೇಜು ಹಾಕಿಕೊಡ್ತೀನಿ. ಮರೀತಾಳ.”

ನನಗೆ ಪೂರ್ತಿ ಅರ್ಥವಾಯಿತು. ಹನ್ನೊಂದು ವರ್ಷದ ಹುಡುಗಿಗೆ ಅರ್ಥವಾಗಲಿಲ್ಲ ಎಂದು ಬರೆದರೆ ಓದುವವರು ನಂಬುತ್ತಾರೆ. ಆದರೆ ಅದು ಸುಳ್ಳು. ಸೈಕಲ್ಲಿನ ಸೀಟಿನ ಮೇಲೆ ಹರವಿದ್ದ ಆ ಚೆಂದದ ನಕ್ಷೆ ನನಗಾಗಿ ಬರೆದದ್ದು, ಕಟ್ಟುವುದಕ್ಕೆ ಬರೆದದ್ದಲ್ಲ. ಅಪ್ಪ ನನ್ನನ್ನು ನಂಬಿ ಕೆಲಸ ಕೊಟ್ಟಿರಲಿಲ್ಲ. ನನ್ನನ್ನು ನಂಬುವವಳೊಬ್ಬಳಿದ್ದಾಳೆ ಎಂದು ತಿಳಿದು ಕೊಟ್ಟಿದ್ದ. ಆ ಸಿಟ್ಟಿನಲ್ಲಿ ನಾನು ಕೆಳಗೆ ಓಡಿ ಹೋಗಿ ಅತ್ತೆಗೆ ಹೇಳಬೇಕಿತ್ತು. ಮೆಟ್ಟಿಲಿಳಿಯುವಾಗ ಹೇಳಬೇಕೆಂದೇ ಇದ್ದೆ. ಆದರೆ ಪಡಸಾಲೆಗೆ ಬಂದಾಗ ಕಣ್ಣು ಅತ್ತೆಯ ಮೂಲೆಯ ಕಡೆ ಹೋಯಿತು. ಅಲ್ಲಿ ಒಂದು ಮಂಚ ಹಿಡಿಯುತ್ತದೆ, ಮೇಜೂ ಹಿಡಿಯುತ್ತದೆ ಎಂದು ಅಳತೆ ಹಾಕಿದೆ. ನನ್ನ ತರಗತಿಯಲ್ಲಿ ಸ್ವಂತ ಮೇಜಿದ್ದ ಹುಡುಗಿ ಒಬ್ಬಳೇ ಇದ್ದಳು. ನಾನು ಎರಡನೆಯವಳಾಗುತ್ತಿದ್ದೆ.

ಹೊರಡುವ ಹಿಂದಿನ ಸಂಜೆ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚಿ ಹಣಿಗೆಯಿಂದ ಬಾಚುತ್ತ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

“ಮಾದೂ, ನಿಮ್ಮಪ್ಪ ಖರೇನ ಕಟ್ಟಸ್ತಾನಲ್ಲ?”

“ಕಟ್ಟಸ್ತಾನ ಅತ್ತಿ.”

“ನೀ ಬರ್ತಿ ಹೌದಿಲ್ಲೋ? ನೀ ಬರದಿದ್ರ ನಾ ಹೋಗಂಗಿಲ್ಲ ನೋಡು. ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳು.”

ತಿರುಗಿ ಅವಳ ತಲೆಯ ಮೇಲೆ ಕೈ ಇಟ್ಟೆ. ಕೂದಲು ಬೆಚ್ಚಗಿತ್ತು.

“ಬರ್ತೀನಿ. ನಿನ್ನ ಆಣಿ,” ಎಂದೆ.

ಬೆಳಿಗ್ಗೆ ಮಿಸ್ತ್ರಿ ಮತ್ತು ಅವನ ಕಡೆಯವರು ಕಿಟಕಿಗಳನ್ನು ಒಂದೊಂದಾಗಿ ಕಿತ್ತು ಓಣಿಯ ಗೋಡೆಗೆ ಆನಿಸಿಟ್ಟರು. ಕಿತ್ತ ಕಡೆಯೆಲ್ಲ ಮಣ್ಣು ಉದುರಿ, ಮನೆ ಹಲ್ಲು ಕಳೆದುಕೊಂಡ ಬಾಯಿಯ ಹಾಗೆ ತೆರೆದುಕೊಂಡಿತು. ಗೆದ್ದಲು ಹಿಡಿದದ್ದನ್ನೂ ಸೇರಿಸಿ ಒಂಬತ್ತನ್ನೂ ಲಾರಿಗೆ ಹೇರಿದರು. ಅತ್ತೆ ಎರಡು ಕಿಟಕಿಗಳ ನಡುವೆ ಹಳೆಯ ಸೀರೆ ತುರುಕಿ ಒಂದಕ್ಕೊಂದು ತಾಗದಂತೆ ನೋಡಿಕೊಂಡಳು. ತನ್ನ ತಗಡಿನ ಪೆಟ್ಟಿಗೆ, ಬೀಸುವ ಕಲ್ಲು, ಆಮೇಲೆ ನನ್ನ ಕೌದಿ, ನನ್ನ ಪಾಟಿಚೀಲ. ಡ್ರೈವರನ ಪಕ್ಕ ಅವಳು ಹತ್ತಿ ಕೂತು ನನ್ನನ್ನೂ ಎಳೆದುಕೊಂಡಳು. ಆಗ ಅಪ್ಪ ಬಂದ. ನನ್ನ ಕಂಕುಳಿಗೆ ಕೈ ಹಾಕಿ ಮೆಲ್ಲಗೆ ಕೆಳಗಿಳಿಸಿದ.

“ಪರೀಕ್ಷಾ ಅವ ಅಕ್ಕ. ಮುಗಿದ ಕೂಡ್ಲೆ ನಾನ ಕರಕೊಂಡು ಬರ್ತೀನಿ.”

ಅತ್ತೆ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಹೌದೆಂದು ತಲೆ ಆಡಿಸಿದೆ. ಪಾಟಿಚೀಲವನ್ನು ಅವಳು ಲಾರಿಯ ಕಿಟಕಿಯಿಂದ ನನ್ನ ಕೈಗೆ ಕೊಟ್ಟಳು. ಕೌದಿಯನ್ನು ಕೊಡಲಿಲ್ಲ. ಲಾರಿ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ಹಿಂದೆ ಸೀರೆಯ ತುಂಡುಗಳು ಹಾರಾಡುತ್ತಿದ್ದವು. ಅಪ್ಪ ನನ್ನ ತಲೆ ಸವರಿದ. ಅವನ ಕೈಯನ್ನು ತಳ್ಳಬೇಕೆನಿಸಿತು, ತಳ್ಳಲಿಲ್ಲ.

ಗಾಜಿನ ಕಿಟಕಿಗಳು ಬಂದವು. ಮಂಚ ಬಂತು, ಮೇಜು ಬಂತು. ಬೆಳಕು ನಿಜಕ್ಕೂ ಬಂತು; ಯುಗಾದಿ ದಾಟುತ್ತಲೇ ಅದರ ಹಿಂದೆ ಬಿಸಿಲೂ ಬಂತು. ಕಬ್ಬಿಣದ ಚೌಕಟ್ಟು ಮುಟ್ಟಿದರೆ ಕೈ ಸುಡುತ್ತಿತ್ತು. ಅವ್ವ ಗಾಜಿಗೆಲ್ಲ ಗಂಜಿ ಹಚ್ಚಿ ಪೇಪರ್ ಅಂಟಿಸಿದಳು. ಮನೆ ಮೊದಲಿಗಿಂತ ಕತ್ತಲಾಯಿತು. ಆದರೆ ಅವಳು ಅಡುಗೆ ಮಾಡುತ್ತ ಹಾಡಿಕೊಳ್ಳುತ್ತಿದ್ದಳು. ಅದಕ್ಕೆ ಮೊದಲು ಅವಳಿಗೆ ಹಾಡಲು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಅವಳ ಕೈಯ ಬದನೆಕಾಯಿ ಎಣ್ಣೆಗಾಯಿ ಅತ್ತೆಯದಕ್ಕಿಂತ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲು ನಾಲಿಗೆಗೆ ಕಷ್ಟವಾಗುತ್ತಿತ್ತು. ಪರೀಕ್ಷೆ ಮುಗಿಯಿತು. ರಜೆಗೆ ನನ್ನನ್ನು ಅವ್ವನ ತವರಿಗೆ ಕಳಿಸಿದರು. ಕಮಲಾಪುರದಿಂದ ಯಾರಾದರೂ ಬಂದಾಗ ಅತ್ತೆ ಕೆಂಪು ಬಾಳೆಯ ಒಂದು ಚಿಪ್ಪು ಕಳಿಸುತ್ತಿದ್ದಳು. ‘ಪಾಯಾ ಯಾವಾಗ ತೆಗೀತಾರ ಅಂತ ಕೇಳ್ಯಾಳ’ ಎಂದು ತಂದವರು ಹೇಳುತ್ತಿದ್ದರು. ಸುಗ್ಗಿ ಮುಗಿಯಲಿ, ಮಳೆ ನಿಲ್ಲಲಿ ಎಂದು ಅಪ್ಪ ಹೇಳಿ ಕಳಿಸುತ್ತಿದ್ದ. ಹಣ್ಣನ್ನು ನಾನು ತಿನ್ನುತ್ತಿದ್ದೆ. ಯಾರೂ ನೋಡದಾಗ ಸಿಪ್ಪೆಯ ಒಳಗಿನದನ್ನೂ ಕೆರೆದು ತಿನ್ನುತ್ತಿದ್ದೆ.

ಒಂದೂವರೆ ವರ್ಷದ ಮೇಲೆ ಆ ದಾಯಾದಿಗಳ ಮನೆಯಲ್ಲಿ ತೊಟ್ಟಿಲು ಕಾರ್ಯ ಬಂದಾಗ ಅಪ್ಪನಿಗೆ ಹೋಗದೆ ಗತ್ಯಂತರವಿರಲಿಲ್ಲ. ನಾನು ಹಟ ಮಾಡಿ ಜೊತೆಗೆ ಹೋದೆ. ಅತ್ತೆಗೆ ಕೊಟ್ಟಿದ್ದದ್ದು ಮೇವು ಹಾಕುವ ಕೋಣೆ. ಅದಕ್ಕೆ ಬಾಗಿಲು ಬಿಟ್ಟರೆ ಒಂದು ಕಿಂಡಿಯೂ ಇರಲಿಲ್ಲ. ಆ ಕೋಣೆಯ ಹೊರಗೋಡೆಗೆ ಒಂಬತ್ತು ಕಿಟಕಿಗಳು ಸಾಲಾಗಿ ಆನಿಸಿ ನಿಂತಿದ್ದವು, ಮೇಲೆ ಮಳೆ ತಾಗದಂತೆ ತೊಗರಿ ಕಟ್ಟಿಗೆಯ ತಟ್ಟಿ ಇತ್ತು. ಹತ್ತಿರ ಹೋದಾಗ ಅಗಸೆ ಎಣ್ಣೆಯ ವಾಸನೆ ಬಂತು. ಅತ್ತೆ ಬಡವಾಗಿದ್ದಳು. ನನ್ನ ಗಲ್ಲ ಹಿಡಿದು ಎತ್ತರ ನೋಡಿದಳು, ಜಡೆ ಅಳೆದಳು.

“ನಿನ್ನ ಕೌದಿ ನಿನ್ನೆ ಬಿಸಲಿಗಿ ಹಾಕೀನಿ. ಈ ಸಲ ಇರ್ತಿಯಲ್ಲ?”

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಕಿಟಕಿಗಳ ಕಡೆಯೂ ನೋಡದೆ, ನನ್ನ ಕಡೆಯೂ ನೋಡದೆ, ಮಗುವಿನ ಹೆಸರೇನಿಟ್ಟಿರಿ ಎಂದು ಯಾರನ್ನೋ ಕೇಳುತ್ತಿದ್ದ. ಊಟದ ಪಂಕ್ತಿಯಲ್ಲಿ ಬಡಿಸುತ್ತ ಬಂದ ಅತ್ತೆ ಅವನ ಮುಂದೆ ಬಗ್ಗಿದಳು.

“ಶರಣೂ, ಪಾಯಾ ಯಾವಾಗ ತೆಗಸ್ತಿ?”

“ಸುಗ್ಗಿ ಮುಗೀಲಿ ಅಕ್ಕ.”

ಅವಳು ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿ ಮುಂದಕ್ಕೆ ಹೋದಳು. ತಮ್ಮನ ಮಾತನ್ನು ಅವಳು ಇನ್ನೂ ನಂಬಿದ್ದಳೋ, ನಂಬಿಕೆ ಬಿಟ್ಟರೆ ಬೇರೆ ಜಾಗವಿಲ್ಲವೆಂದು ನಂಬಿದ್ದಳೋ ನನಗೆ ಹೇಳಲಾಗದು. ಸಂಜೆ ಬಸ್ಸಿಗೆ ನಾನೂ ಅಪ್ಪನ ಜೊತೆಯೇ ಹೊರಟೆ. ಆಮೇಲೆ ನಾನು ಅಲ್ಲಿಗೆ ಹೋಗುವುದನ್ನೇ ಬಿಟ್ಟೆ. ಕಾಲೇಜು, ಶಿಕ್ಷಕಿಯ ತರಬೇತಿ, ನೌಕರಿ, ಮದುವೆ. ಹೋಗದಿರಲು ಪ್ರತಿ ವರ್ಷ ಒಂದೊಂದು ಕಾರಣ ತಾನಾಗಿಯೇ ಸಿಗುತ್ತಿತ್ತು. ಅಪ್ಪನ ಜೊತೆ ನಾನು ಮಾತಾಡುವಾಗ ಅವನ ಮುಖ ನೋಡುತ್ತಿರಲಿಲ್ಲ. ಯಾರು ಮೆಲ್ಲಗೆ, ನಗುನಗುತ್ತ ಮಾತಾಡಿದರೂ ಅವರ ಜೇಬಿನಲ್ಲಿ ಮಡಿಚಿದ ಹಾಳೆಯೊಂದು ಇರಬಹುದೆಂದು ಸಂಶಯಪಡುವ ಸ್ವಭಾವ ನನಗೆ ಆಗಲೇ ಬಂತು. ನನ್ನ ಗಂಡ ಆ ಸ್ವಭಾವದಿಂದ ಬಹಳ ಕಷ್ಟಪಟ್ಟಿದ್ದಾನೆ.

ನನಗೆ ಮೂವತ್ತು ದಾಟಿದ ಮೇಲೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು. ತೊದಲುವ ಬಾಯಲ್ಲಿ ಅಕ್ಕ, ಅಕ್ಕ ಎಂದು ಎರಡು ದಿನ ಅಂದ. ಅವ್ವನೇ ನನ್ನನ್ನು ಬಾಗಿಲಿಗೆ ಕರೆದು, ಹೋಗಿ ಕರೆದುಕೊಂಡು ಬಾ, ನೀ ಕರೆದರೆ ಬಂದಾಳು ಎಂದಳು. ಅದೇ ಮಾತನ್ನು ಹಿಂದೆ ಯಾರು ಹೇಳಿದ್ದರೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಕಮಲಾಪುರದಲ್ಲಿ ಅತ್ತೆ ದಾಯಾದಿಗಳ ಮನೆಯಲ್ಲಿರಲಿಲ್ಲ. ಬಾಳೆತೋಟದ ಬದಿಗೆ, ಮುತ್ಯಾನ ಬಿದ್ದ ಮನೆಯ ಜಾಗದಲ್ಲಿ ಒಂದು ಮಣ್ಣಿನ ಕೋಣೆ ಎದ್ದಿತ್ತು, ಅದಕ್ಕೆ ಎರಡು ಸಾಗವಾನಿ ಕಿಟಕಿಗಳು. ಹೊಸ್ತಿಲಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಕೂದಲು ಪೂರ್ತಿ ಬಿಳಿಯಾಗಿತ್ತು. ನನ್ನನ್ನು ಕಂಡು ಕಾಯಿಯನ್ನೆಲ್ಲ ಚೆಲ್ಲಿ ಎದ್ದಳು.

“ಬಂದ್ಯಲ್ಲ ಮಗಾ! ಯಾರು ಸತ್ತಾರಂತ ಬಂದಿ?” ಎಂದು ನಕ್ಕು ಅತ್ತಳು.

ನನ್ನ ಕೈ ಹಿಡಿದುಕೊಂಡೇ ಎಲ್ಲವನ್ನೂ ತೋರಿಸಿದಳು. ತೋಟದಲ್ಲಿ ಕೂಲಿಗೆ ಬರುವ ತಿಪ್ಪವ್ವ ಎಂಬವಳು ಅವಳ ಗೆಳತಿಯಾಗಿದ್ದಳು. ಇಬ್ಬರೂ ಸೇರಿ ಮಣ್ಣು ಕಲಸಿ, ಎರಡು ಬೇಸಿಗೆಯಲ್ಲಿ ಗೋಡೆ ಎಬ್ಬಿಸಿದ್ದರಂತೆ. ಮೇಲ್ಜಾತಿಯ ವಿಧವೆ ಕೆಳಜಾತಿಯ ಓಣಿಯವಳ ಜೊತೆ ಮಣ್ಣು ತುಳಿದಳೆಂದು ದಾಯಾದಿಗಳು ಮಾತು ಬಿಟ್ಟಿದ್ದರು. ತಿಪ್ಪವ್ವನ ಮಗ ಮನೆ ಕಟ್ಟಿದಾಗ ಅತ್ತೆ ಅವನಿಗೆ ಮೂರು ಕಿಟಕಿ ಕೊಟ್ಟಿದ್ದಳು. ಒಂದು ರಸ್ತೆಯ ಪಾನಪಟ್ಟಿ ಅಂಗಡಿಗೆ ಹೋಗಿತ್ತು. ಒಂದನ್ನು ನಾಲ್ಕು ಕಲ್ಲಿನ ಮೇಲೆ ಅಡ್ಡ ಮಲಗಿಸಿದ್ದಳು, ಸರಳುಗಳ ಮೇಲೆ ಚಾಪೆ ಹಾಸಿ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಒಂದು ಕೋಳಿಗೂಡಿನ ಬಾಗಿಲು. ಗೆದ್ದಲು ಹಿಡಿದದ್ದನ್ನು ಮಾತ್ರ ಒಡೆದು ನೀರು ಕಾಯಿಸಿದ್ದೆ, ನಿಮ್ಮವ್ವನ ಆಸೆಯೂ ತೀರಲಿ ಅಂತ, ಎಂದು ಮತ್ತೆ ನಕ್ಕಳು. ಅವಳಲ್ಲಿ ಎಲ್ಲೂ ಕಹಿ ಇರಲಿಲ್ಲ. ಅದನ್ನು ನೋಡಿ ನನಗೆ ಹಗುರಾಗಬೇಕಿತ್ತು. ಆಗಲಿಲ್ಲ.

ಅಪ್ಪನ ಸುದ್ದಿ ಹೇಳಿದೆ. ಕರೆದುಕೊಂಡು ಹೋಗಲು ಬಂದಿದ್ದೇನೆಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಬರ್ತೀನಿ ಮಗಾ. ನಾ ಎತ್ತಿ ಆಡ್ಸಿದ ಕೂಸು ಅಂವ. ಸುಳ್ಳು ಹೇಳಿದ, ಖರೇ. ಇಲ್ಲಿ ಬಂದ ಮೊದಲನೇ ವರ್ಷ ಬಾವಿಗೆ ಬೀಳಬೇಕು ಅಂತ ಎರಡು ಸಲ ಹೋಗಿದ್ದೆ. ಎರಡೂ ಸಲ ನಿನ್ನ ನೆನಸಿ ಹೊಳ್ಳಿ ಬಂದೆ. ಅಂವ ಹುಡುಗಿಗೂ ಸುಳ್ಳು ಹೇಳ್ಯಾನ, ಪಾಪ, ಅದಕ್ಕ ಗೊತ್ತಿಲ್ಲ, ಅದೂ ಅಲ್ಲಿ ನನ್ನಂಗ ದಾರಿ ಕಾಯ್ಲಾಕತ್ತದ ಅಂದ್ಕೊಂಡೆ. ನನ್ನ ಜೋಡಿ ಮೋಸ ಹೋಗಿದ್ದು ಇನ್ನೊಂದು ಜೀವ ಅದಲ್ಲ, ಅಷ್ಟೇ ಸಾಕಾಗಿತ್ತು ನನಗ.”

ಅಲ್ಲಿ ನಾನು ಸುಮ್ಮನಿರಬೇಕಿತ್ತೇ? ಇಷ್ಟು ವರ್ಷಗಳ ನಂತರವೂ ಉತ್ತರ ಗೊತ್ತಿಲ್ಲ. ಅವಳ ಆ ನಂಬಿಕೆಯ ಮೇಲೆ ನಾನು ಇನ್ನೊಂದು ದಿನ ನಿಲ್ಲಲಾರೆ ಎನಿಸಿತು, ಅಷ್ಟೇ.

“ನನಗ ಗೊತ್ತಿತ್ತು ಅತ್ತಿ,” ಎಂದೆ. “ಹೋಗೋ ಮೊದಲ ಮಾಳಗಿ ಮ್ಯಾಲ ಅಪ್ಪ ಅವ್ವಗ ಹೇಳೋದು ಕೇಳೀನಿ. ಮನಿ ಕಟ್ಟಸಂಗಿಲ್ಲ ಅನ್ನೋದು, ನನ್ನ ಕಳಸಂಗಿಲ್ಲ ಅನ್ನೋದು. ಎಲ್ಲಾ ಗೊತ್ತಿದ್ದೇ ನಿನ್ನ ತಲಿ ಮ್ಯಾಲ ಕೈ ಇಟ್ಟೆ.”

ಅವಳು ಅರ್ಥವಾಗದವಳಂತೆ ನನ್ನ ತುಟಿಗಳನ್ನೇ ನೋಡಿದಳು.

“ಯಾಕ?”

“ಮಂಚ, ಮೇಜು ಕೊಡ್ತೀನಿ ಅಂದಿದ್ದ.”

ಅತ್ತೆ ಬಗ್ಗಿ, ಚೆಲ್ಲಿದ್ದ ಅವರೆಕಾಯಿಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು. ಒಂದು ಕಾಯಿ ನನ್ನ ಕಾಲ ಹತ್ತಿರ ಬಿದ್ದಿತ್ತು. ಅದನ್ನು ಬಿಟ್ಟಳು. ಎದ್ದು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಎರಡು ರೊಟ್ಟಿ ಆಗುವಷ್ಟು ಹೊತ್ತು ನಾನು ಹೊಸ್ತಿಲಲ್ಲಿ ನಿಂತಿದ್ದೆ. ಆಮೇಲೆ ಒಳಗಿನಿಂದ ಅವಳ ದನಿ ಬಂತು.

“ಕೈ ತೊಳಕೊಳ್ರಿ. ಊಟ ಮಾಡಿ ಹೋಗ್ರಿ.”

ನನ್ನ ಹಿಂದೆ ಯಾರೋ ಬಂದಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ತಾಟು ಇಟ್ಟು ಅವಳು ಹಿತ್ತಲಿಗೆ ಹೋಗಿ ಕೂತಳು. ನಾನು ಒಬ್ಬಳೇ ಉಂಡೆ. ಆ ದಿನ ಅವಳು ನನ್ನ ಜೊತೆ ಬರಲಿಲ್ಲ.

ಅಪ್ಪ ಐದನೆಯ ದಿನ ತೀರಿಕೊಂಡ. ಮಣ್ಣು ಕೊಡುವುದಕ್ಕೆ ಅತ್ತೆ ಬಂದಳು, ತಿಪ್ಪವ್ವನ ಕೈ ಹಿಡಿದುಕೊಂಡು, ಬಸ್ಸಿನಲ್ಲಿ. ಮನೆಯೊಳಗೆ ಕಾಲಿಡದೆ ನೇರ ಕುಣಿಯ ಹತ್ತಿರವೇ ಬಂದಳು. ಗೋಳಾಡುತ್ತಿದ್ದ ಅವ್ವನನ್ನು ತಬ್ಬಿಕೊಂಡು, “ಅಳಬ್ಯಾಡ ತಂಗಿ, ಗಟ್ಟಿಯಾಗು,” ಎಂದು ಬೆನ್ನು ಸವರಿದಳು. ಅಪ್ಪನ ಹಣೆಗೆ ವಿಭೂತಿ ಹಚ್ಚಿ, “ಶರಣೂ, ಹೋಗಿ ಬಾರೋ ಕೂಸ,” ಎಂದಳು. ಆಮೇಲೆ ಹಿಡಿ ಮಣ್ಣು ತೆಗೆದುಕೊಂಡು ಕುಣಿಯ ಅಂಚಿಗೆ ಬಂದಳು. ಅಲ್ಲಿ ನಾನು ನಿಂತಿದ್ದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಅಪರಿಚಿತರೊಬ್ಬರನ್ನು ನೋಡುವಷ್ಟೇ ಮರ್ಯಾದೆಯಿಂದ.

“ಒಂಚೂರು ಸರೀರಿ,” ಎಂದಳು. “ಮಣ್ಣು ಹಾಕ್ತೀನಿ.”

ನಾನು ಸರಿದು ನಿಂತೆ.